ಬೇಲೂರಿನ ಪಾಲಿನ ಒಂದು ಸ್ಥಾನ: ರಾಜ್ಯ ಶಾಸಕಾಂಗ ನಡೆದುಬಂದ ದಾರಿ ಮತ್ತು ನಮ್ಮ ತಾಲ್ಲೂಕು

ಕರ್ನಾಟಕ ವಿಧಾನಸಭೆಯ 224 ಕ್ಷೇತ್ರಗಳ ಪಟ್ಟಿಯಲ್ಲಿ 194ನೆಯದು ಅರಸೀಕೆರೆ, 195ನೆಯದು ಬೇಲೂರು. ಹಳೇಬೀಡು ಬೇಲೂರು ಕ್ಷೇತ್ರಕ್ಕೇ ಸೇರಿದ್ದು. ಐದು ವರ್ಷಕ್ಕೊಮ್ಮೆ ಸರತಿಯಲ್ಲಿ ನಿಂತು ಮತ ಹಾಕಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುವ ನಾವು ಅಲ್ಲಿಂದಾಚೆ ಆ ಸ್ಥಾನದಲ್ಲಿ ಏನು ನಡೆಯುತ್ತದೆ ಎಂಬುದನ್ನು ಹಿಂಬಾಲಿಸುವುದು ಕಡಿಮೆ. ನಾವು ಕಳಿಸಿದವರು ಯಾವ ವೇಳೆಯಲ್ಲಿ ಎದ್ದು ಮಾತಾಡಬಹುದು, ಕೇಳಿದ ಪ್ರಶ್ನೆಗೆ ಯಾರು ಉತ್ತರ ಬರೆಯುತ್ತಾರೆ, ಮಂತ್ರಿ ಕೊಟ್ಟ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಚೆನ್ನಕೇಶವನ ಗುಡಿಯ ಮದನಿಕೆಯರನ್ನು ಒಬ್ಬೊಬ್ಬರಾಗಿ ಗುರುತಿಸಬಲ್ಲ ಊರು ನಮ್ಮದು. ಆದರೆ ಈ ಊರಿನ ಪರವಾಗಿ ರಾಜ್ಯದ ಸಭೆಗಳಲ್ಲಿ ನಡೆದ ಮಾತಿನ ಕಥೆ ನಮಗೆ ಅಪರಿಚಿತ. ಆ ಕಥೆಯನ್ನು ಮೊದಲಿನಿಂದ ಹೇಳುವುದು, ಶಾಸಕಾಂಗ ಎಂಬ ಸಂಸ್ಥೆ ಬೇಲೂರಿನ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೇ ಒಂದು ಮಾತು. ಹೊಯ್ಸಳರ ರಾಜಧಾನಿಯ ಊರಿನವರಾದ ನಾವು ಎಲ್ಲವನ್ನೂ ವಿಷ್ಣುವರ್ಧನನ ಕಾಲಕ್ಕೆ ಒಯ್ದು ನಿಲ್ಲಿಸುವುದುಂಟು. 1117ರಲ್ಲಿ ಕೇಶವನ ಪ್ರತಿಷ್ಠೆಯಾದ ಕಾಲದಲ್ಲಿ ಅಗ್ರಹಾರಗಳಿಗೆ ಮಹಾಜನರಿದ್ದರು, ನಾಡಿಗೆ ಗೌಡರಿದ್ದರು, ವರ್ತಕರಿಗೆ ಅವರದೇ ಸಂಘಗಳಿದ್ದವು. ಅವರೆಲ್ಲ ಕೂತು ತೀರ್ಮಾನ ಮಾಡಿದ್ದಕ್ಕೆ ಕಲ್ಲಿನ ಸಾಕ್ಷಿ ಇದೆ. ಆದರೆ ಆ ಕೂಟಗಳಲ್ಲಿ ಎಲ್ಲರಿಗೂ ಜಾಗವಿರಲಿಲ್ಲ, ಅರಸನನ್ನು ಪ್ರಶ್ನಿಸಿ ಇಳಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಉಳುವವನ, ಕೂಲಿಯವನ, ಹೆಣ್ಣುಮಕ್ಕಳ ಮತಕ್ಕೂ ಒಂದೇ ತೂಕ ಎಂಬ ಏರ್ಪಾಡು ನಮಗೆ ಬಂದದ್ದು ತೀರ ಈಚೆಗೆ, ಹಂತಹಂತವಾಗಿ, ಕೇಳಿ ಪಡೆದು.

ದಸರೆಯ ಸಭೆ

1881ರ ಮಾರ್ಚ್‌ನಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿಸಿದರು. ದಿವಾನರಾದವರು ಸಿ. ರಂಗಾಚಾರ್ಲು. ಅದೇ ವರ್ಷ ಆಗಸ್ಟ್ 25ರ ಆಜ್ಞೆಯಂತೆ ಪ್ರಜಾಪ್ರತಿನಿಧಿ ಸಭೆ ಹುಟ್ಟಿ, ಅಕ್ಟೋಬರ್ 7ರಂದು ಮೈಸೂರಿನಲ್ಲಿ ಮೊದಲ ಬಾರಿಗೆ ಸೇರಿತು. ಬಂದವರು 144 ಮಂದಿ. ಪ್ರತಿ ತಾಲ್ಲೂಕಿನಿಂದ ತಿಳಿವಳಿಕೆಯೂ ಜನರಲ್ಲಿ ಮನ್ನಣೆಯೂ ಇರುವ ಒಬ್ಬಿಬ್ಬರು ಸಾಗುವಳಿದಾರರು, ಜಿಲ್ಲೆಗೆ ಮೂರು ನಾಲ್ಕು ಮಂದಿ ಪ್ರಮುಖ ವರ್ತಕರು, ಇದು ಆಗಿನ ಲೆಕ್ಕ. ಹೆಸರು ಸೂಚಿಸುತ್ತಿದ್ದುದು ಲೋಕಲ್ ಫಂಡ್ ಬೋರ್ಡುಗಳು. ಬೆಂಗಳೂರು–ಹರಿಹರ ರೈಲು ದಾರಿ ಅರಸೀಕೆರೆ ಮುಟ್ಟಲು ಇನ್ನೂ ವರ್ಷಗಳಿದ್ದವು. ಮಲೆನಾಡಿನ ಅಂಚಿನ ತಾಲ್ಲೂಕುಗಳಿಂದ ಹೊರಟವರು ಗಾಡಿ ಹೂಡಿಕೊಂಡೇ ಮೈಸೂರು ಸೇರಬೇಕಿತ್ತು.

ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ತೆರಿಗೆ ತಡೆಯುವ ಅಧಿಕಾರವೂ ಇರಲಿಲ್ಲ. ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು, ಆದಾಯ ಎಷ್ಟು, ಖರ್ಚು ಎಷ್ಟು ಎಂದು ಹೇಳುತ್ತಿದ್ದರು. ಆಮೇಲೆ ಪ್ರತಿನಿಧಿಗಳು ತಮ್ಮ ಸೀಮೆಯ ಅಹವಾಲು ಮುಂದಿಡುತ್ತಿದ್ದರು. ಮೇಲ್ನೋಟಕ್ಕೆ ಇದು ದೊಡ್ಡದೆನಿಸದು. ಆದರೆ ಒಂದು ಸರ್ಕಾರ ತನ್ನ ಲೆಕ್ಕವನ್ನು ರೈತರ ಮುಂದೆ ಓದಿ ಹೇಳುವುದು, ಓದಿದ ಮೇಲೆ ಅವರ ಮಾತು ಕೇಳಿಸಿಕೊಂಡು ಅದನ್ನು ಬರೆದಿಡುವುದು ಆಗಿನ ದೇಶೀ ಸಂಸ್ಥಾನಗಳಲ್ಲಿ ಬೇರೆಲ್ಲೂ ಇರಲಿಲ್ಲ. ತಾಲ್ಲೂಕಿನ ಕಷ್ಟವನ್ನು ರಾಜಧಾನಿಯಲ್ಲಿ ಹೆಸರು ಹಿಡಿದು ಹೇಳಬಹುದು ಎಂಬ ರೂಢಿ ಶುರುವಾದದ್ದು ಅಲ್ಲಿ.

ಮುಂದಿನದು ನಿಧಾನದ ಬೆಳವಣಿಗೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ನಾಮಕರಣದ ಬದಲು ಚುನಾವಣೆ ಬಂತು. ಮತ ಮಾತ್ರ ಆಸ್ತಿ, ಕಂದಾಯ, ಪದವಿ ಇದ್ದವರ ಕೈಯಲ್ಲೇ ಉಳಿಯಿತು. 1907ರಲ್ಲಿ ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ ಕಾನೂನು ಮಾಡಲೆಂದೇ ಶಾಸನ ಸಭೆ ಏರ್ಪಟ್ಟಿತು. 1923ರಲ್ಲಿ ಎರಡೂ ಸಭೆಗಳಿಗೆ ಹೊಸ ಕಾಯಿದೆ ಬಂದು, ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರ ದೊರೆಯಿತು. ಹೊಸ ತೆರಿಗೆ ಹಾಕುವ ಮುನ್ನ, ಹೊಸ ಕಾನೂನು ತರುವ ಮುನ್ನ ಅದರ ಅಭಿಪ್ರಾಯ ಕೇಳಲೇಬೇಕಾಯಿತು. ಹೆಂಗಸರೆಂಬ ಕಾರಣಕ್ಕೆ ಮತ ನಿರಾಕರಿಸುವ ಪದ್ಧತಿಯೂ ಆಗಲೇ ಹೋಯಿತು. ದಸರಾ ಅಧಿವೇಶನ, ವರ್ಧಂತಿ ಅಧಿವೇಶನ ಎಂದು ವರ್ಷಕ್ಕೆರಡು ಬಾರಿ ಸಭೆ ಸೇರುತ್ತಿತ್ತು. 1940ರ ಕಾಯಿದೆಯಲ್ಲಿ ಪ್ರಜಾಪ್ರತಿನಿಧಿ ಸಭೆ 310 ಸದಸ್ಯರಿಗೆ, ಶಾಸನ ಸಭೆ 68 ಸದಸ್ಯರಿಗೆ ಬೆಳೆಯಿತು.

ಹೀಗೆ ಬೆಳೆದರೂ ದಿವಾನರನ್ನು ಇಳಿಸುವ ಶಕ್ತಿ ಎರಡು ಸಭೆಗಳಿಗೂ ಬರಲಿಲ್ಲ. ಅದಕ್ಕೆ 1947ರ ಮೈಸೂರು ಚಲೋ ಚಳವಳಿಯೇ ಬೇಕಾಯಿತು. ಆ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಬಂತು. 1949ರ ಡಿಸೆಂಬರ್‌ನಲ್ಲಿ ಹಳೆಯ ಎರಡು ಸಭೆಗಳೂ ವಿಸರ್ಜನೆಯಾದವು.

99ರಿಂದ 224ಕ್ಕೆ

ವಯಸ್ಕರೆಲ್ಲ ಮತ ಹಾಕಿದ ಮೊದಲ ಚುನಾವಣೆ 1952ರದು. ಮೈಸೂರು ವಿಧಾನಸಭೆಗೆ 99 ಮಂದಿ ಆಯ್ಕೆಯಾದರು, ಒಬ್ಬರು ನಾಮಕರಣದ ಸದಸ್ಯರು. ಕಂದಾಯದ ರಸೀದಿ ತೋರಿಸಬೇಕಾಗಿಲ್ಲದ ಮತದಾರ ಮೊದಲ ಬಾರಿಗೆ ಮತಗಟ್ಟೆಗೆ ಬಂದ. ಬೆಂಗಳೂರಿನ ಅಠಾರ ಕಚೇರಿಯಲ್ಲಿ 1952ರ ಜೂನ್ 18ರಂದು ಆ ಸಭೆ ಸೇರಿತು. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿ. ಸಾಗರ–ಹೊಸನಗರದಿಂದ ಗೆದ್ದು ಬಂದಿದ್ದ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಪರವಾಗಿ ಗುಡುಗಿದ್ದು ಆ ಸದನದಲ್ಲಿ.

1953ರಲ್ಲಿ ಬಳ್ಳಾರಿಯ ಭಾಗಗಳು ಸೇರಿದಾಗ ಸದಸ್ಯರ ಸಂಖ್ಯೆ ಏರಿತು. 1956ರ ನವೆಂಬರ್ 1ರಂದು ಏಕೀಕರಣವಾಗಿ ಮುಂಬೈ, ಹೈದರಾಬಾದ್, ಮದ್ರಾಸ್ ಪ್ರಾಂತಗಳ ಕನ್ನಡ ಸೀಮೆಗಳೂ ಕೊಡಗೂ ಒಂದಾದವು. ಆಮೇಲೆ ಸ್ಥಾನಗಳು 208 ಆದವು, 1967ರ ಹೊತ್ತಿಗೆ 216, 1978ಕ್ಕೆ ಈಗಿರುವ 224. ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿ 2020ರಲ್ಲಿ ಸಂವಿಧಾನ ತಿದ್ದುಪಡಿಯಿಂದ ಕೊನೆಗೊಂಡಿತು. ಏಕೀಕೃತ ರಾಜ್ಯದ ಸದನ ವಿಧಾನಸೌಧದಲ್ಲಿ ಮೊದಲು ಸೇರಿದ್ದು 1956ರ ಡಿಸೆಂಬರ್ 19ರಂದು, ಅಂದೇ ಎಸ್.ಆರ್. ಕಂಠಿಯವರು ಸಭಾಧ್ಯಕ್ಷರಾದರು. 1951ರ ಜುಲೈನಲ್ಲಿ ನೆಹರೂ ಅಡಿಗಲ್ಲು ಹಾಕಿದ್ದ ಆ ಕಟ್ಟಡಕ್ಕಾಗಿ ಸಾವಿರಾರು ಕೂಲಿಗಳೂ ಕಲ್ಲುಕುಟಿಗರೂ ದುಡಿದಿದ್ದರು. ಕಲ್ಲಿನ ಕೆಲಸದ ಬೆಲೆ ಬಲ್ಲ ನಮ್ಮ ಸೀಮೆಯವರು ವಿಧಾನಸೌಧದ ಮೆಟ್ಟಿಲ ಮುಂದೆ ನಿಂತಾಗ ಆ ಕೈಗಳನ್ನೂ ನೆನೆಯಬೇಕು. 2012ರ ಅಕ್ಟೋಬರ್ 11ರಂದು ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಗಿ, ಉತ್ತರ ಕರ್ನಾಟಕದಲ್ಲೂ ಸದನಕ್ಕೆ ಸ್ವಂತ ನೆಲೆಯಾಯಿತು.

ಬೇಲೂರಿನ ಮಟ್ಟಿಗೆ ದೊಡ್ಡ ಬದಲಾವಣೆ ತಂದದ್ದು 2008ರ ಕ್ಷೇತ್ರ ಪುನರ್ವಿಂಗಡಣೆ. ಅದುವರೆಗೆ ಬಹುಕಾಲ ಬೇಲೂರು ಪರಿಶಿಷ್ಟ ಜಾತಿಯವರಿಗೆ ಮೀಸಲಾಗಿತ್ತು. ಆಮೇಲೆ ಇದು ಸಾಮಾನ್ಯ ಕ್ಷೇತ್ರವಾಯಿತು, ಪಕ್ಕದ ಸಕಲೇಶಪುರ ಮೀಸಲಾಯಿತು. ಇಂದು ರಾಜ್ಯದ 224 ಸ್ಥಾನಗಳಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಮೀಸಲಾತಿ ಕ್ಷೇತ್ರದಲ್ಲಿ ನಿಲ್ಲುವ ಅಭ್ಯರ್ಥಿ ಒಂದು ಸಮುದಾಯದವರಾದರೂ ಮತ ಹಾಕುವವರು ಎಲ್ಲ ಜಾತಿಯವರು. ಎಲ್ಲ ಕೇರಿಯ ಬಾಗಿಲನ್ನೂ ತಟ್ಟದೆ ಅಲ್ಲಿ ಗೆಲುವಿಲ್ಲ, ಎಲ್ಲ ಕೇರಿಯವರೂ ಒಬ್ಬ ದಲಿತ ಪ್ರತಿನಿಧಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ಈ ತಾಲ್ಲೂಕು ಆ ಶಿಕ್ಷಣವನ್ನು ಪಡೆದಿದೆ. ಅದರ ಬೆಲೆಯನ್ನು ನಾವು ಮರೆಯಬಾರದು.

ಪುನರ್ವಿಂಗಡಣೆಯ ನಂತರ 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನ ವೈ.ಎನ್. ರುದ್ರೇಶಗೌಡರು, 2018ರಲ್ಲಿ ಜಾತ್ಯತೀತ ಜನತಾದಳದ ಕೆ.ಎಸ್. ಲಿಂಗೇಶ್, 2023ರಲ್ಲಿ ಭಾರತೀಯ ಜನತಾ ಪಕ್ಷದ ಎಚ್.ಕೆ. ಸುರೇಶ್ ಬೇಲೂರಿನಿಂದ ಆಯ್ಕೆಯಾದರು. ಅರಸೀಕೆರೆಯಲ್ಲಿ ಕೆ.ಎಂ. ಶಿವಲಿಂಗೇಗೌಡರು ಈ ನಾಲ್ಕೂ ಚುನಾವಣೆಗಳಲ್ಲಿ ಗೆದ್ದರು. ಮೂರು ಬಾರಿ ಜನತಾದಳದಿಂದ, 2023ರಲ್ಲಿ ಕಾಂಗ್ರೆಸ್ಸಿನಿಂದ. 2023ರಲ್ಲಿ ಹಾಸನ ಜಿಲ್ಲೆಯ ಏಳು ಸ್ಥಾನಗಳು ಮೂರು ಪಕ್ಷಗಳಿಗೆ ಹಂಚಿಹೋದವು: ಜನತಾದಳಕ್ಕೆ ನಾಲ್ಕು, ಬಿಜೆಪಿಗೆ ಎರಡು, ಕಾಂಗ್ರೆಸ್ಸಿಗೆ ಒಂದು. ಒಂದೇ ಜಿಲ್ಲೆಯವರು ಸದನದಲ್ಲಿ ಸಭಾಧ್ಯಕ್ಷರ ಎಡಕ್ಕೂ ಬಲಕ್ಕೂ ಕೂರುತ್ತಾರೆ. ಯಗಚಿಯ ನೀರಿನ ಮಾತು, ಕೊಬ್ಬರಿ ಬೆಲೆಯ ಮಾತು ಬಂದಾಗ ಎರಡೂ ಕಡೆಯಿಂದ ಒಂದೇ ದನಿ ಹೊರಟರೆ ಅದಕ್ಕಿಂತ ದೊಡ್ಡ ಬಲವಿಲ್ಲ.

ಈ ಜಿಲ್ಲೆಗೆ ಸದನದಲ್ಲಿ ಹಳೆಯ ಹೆಸರಿದೆ. ಹೊಳೆನರಸೀಪುರದಿಂದ 1962ರಲ್ಲಿ ಪಕ್ಷೇತರರಾಗಿ ಗೆದ್ದು ಬಂದ ಎಚ್.ಡಿ. ದೇವೇಗೌಡರು ವಿರೋಧ ಪಕ್ಷದ ನಾಯಕರಾಗಿ ಸದನದಲ್ಲಿ ಬೆಳೆದವರು, 1994ರಲ್ಲಿ ಮುಖ್ಯಮಂತ್ರಿಯಾದರು, 1996ರಲ್ಲಿ ಪ್ರಧಾನಿಯಾದರು. ತಾಲ್ಲೂಕಿನ ನೀರಾವರಿ ಪ್ರಶ್ನೆಯನ್ನು ಅಂಕಿಅಂಶ ಸಮೇತ ಹಿಡಿದು ಕೇಳುವ ಅಭ್ಯಾಸ ಅವರನ್ನು ಎಲ್ಲಿಯವರೆಗೆ ಒಯ್ದಿತೆಂಬುದು ಜಿಲ್ಲೆಯವರಿಗೆ ತಿಳಿದದ್ದೇ.

ಮೇಲ್ಮನೆಗೆ ನಮ್ಮ ನಾಲ್ಕು ದಾರಿಗಳು

ಕರ್ನಾಟಕ ಎರಡು ಸದನಗಳುಳ್ಳ ಕೆಲವೇ ರಾಜ್ಯಗಳಲ್ಲಿ ಒಂದು. ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಶಾಸಕರು ಆರಿಸುತ್ತಾರೆ, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ಏಳು ಮಂದಿಯನ್ನು ಪದವೀಧರರು, ಏಳು ಮಂದಿಯನ್ನು ಶಿಕ್ಷಕರು. ಉಳಿದ 11 ಮಂದಿ ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಯ ಕ್ಷೇತ್ರಗಳಿಂದ ರಾಜ್ಯಪಾಲರು ನಾಮಕರಣ ಮಾಡಿದವರು. ಪರಿಷತ್ತು ವಿಸರ್ಜನೆಯಾಗುವುದಿಲ್ಲ. ಸದಸ್ಯರ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತರಾಗುತ್ತಾರೆ.

ಬೇಲೂರಿನವರಿಗೆ ಈ ಮೇಲ್ಮನೆಗೆ ನಾಲ್ಕು ದಾರಿಗಳಿವೆ. ಹಳೇಬೀಡು, ಮಾದಿಹಳ್ಳಿ, ಅರೇಹಳ್ಳಿ, ಬಿಕ್ಕೋಡಿನ ಗ್ರಾಮ ಪಂಚಾಯಿತಿ ಸದಸ್ಯರು, ಬೇಲೂರು ಪುರಸಭೆಯ ಸದಸ್ಯರು ಹಾಸನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಮತದಾರರು. ಪದವಿ ಮುಗಿಸಿ ಮೂರು ವರ್ಷ ಕಳೆದವರು ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ ಜಿಲ್ಲೆಗಳ ದಕ್ಷಿಣ ಪದವೀಧರ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. ಪ್ರೌಢಶಾಲೆ ಮತ್ತು ಮೇಲಿನ ಹಂತಗಳಲ್ಲಿ ಮೂರು ವರ್ಷ ಪಾಠ ಮಾಡಿದವರು ದಕ್ಷಿಣ ಶಿಕ್ಷಕರ ಕ್ಷೇತ್ರದಲ್ಲಿ. ನಾಲ್ಕನೆಯದು ನಮ್ಮ ಶಾಸಕರು ಹಾಕುವ ಮತ. ಹೀಗೆ ಪದವಿ ಪಡೆದ ಒಬ್ಬ ಪ್ರೌಢಶಾಲಾ ಮೇಷ್ಟರು ಎರಡು ಸದನಗಳಿಗೆ ಒಟ್ಟು ಮೂರು ಮತ ಹಾಕಬಲ್ಲರು. ಆದರೆ ಪದವೀಧರ, ಶಿಕ್ಷಕ ಕ್ಷೇತ್ರಗಳ ಪಟ್ಟಿಗೆ ಅರ್ಜಿ ಹಾಕಿಯೇ ಸೇರಬೇಕು, ಪಟ್ಟಿಯನ್ನು ಮತ್ತೆ ಮತ್ತೆ ಹೊಸದಾಗಿ ಮಾಡುತ್ತಾರೆ. ಪದವಿ ಪಡೆದ ಎಷ್ಟೋ ಯುವಕ ಯುವತಿಯರು ತಮಗೆ ಈ ಹಕ್ಕಿದೆ ಎಂಬುದನ್ನೇ ಅರಿಯದೆ ಬಿಟ್ಟುಬಿಡುತ್ತಾರೆ.

ಪರಿಷತ್ತಿನ ಅಧಿಕಾರಕ್ಕೆ ಮಿತಿಯಿದೆ. ಸಾಮಾನ್ಯ ವಿಧೇಯಕವನ್ನು ಅದು ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಒಂದು ತಿಂಗಳು ತಡೆಹಿಡಿಯಬಹುದು. ಧನ ವಿಧೇಯಕವಾದರೆ 14 ದಿನದೊಳಗೆ ಹಿಂತಿರುಗಿಸಬೇಕು. ಕೊನೆಯ ಮಾತು ಕೆಳಮನೆಯದೇ. ಸರ್ಕಾರ ಉಳಿಯುವುದೂ ಉರುಳುವುದೂ ವಿಧಾನಸಭೆಯಲ್ಲಿ.

ಒಂದು ಪ್ರಶ್ನೆಯ ಪಯಣ

ಸದನದ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂದು ಪ್ರಶ್ನೆಯ ಜೊತೆ ನಡೆದು ನೋಡಬೇಕು. ಅರೇಹಳ್ಳಿ, ಬಿಕ್ಕೋಡಿನ ಕಾಫಿ ತೋಟಗಳಲ್ಲಿ ಕಾಡಾನೆ ಹಾವಳಿ ಯಾರಿಗೆ ಗೊತ್ತಿಲ್ಲ? ತೋಟದ ಕೆಲಸಕ್ಕೆ ಹೋದವರು ಸಂಜೆ ಮನೆ ಸೇರುವವರೆಗೆ ಮನೆಯವರಿಗೆ ಜೀವದಲ್ಲಿ ಜೀವವಿರುವುದಿಲ್ಲ. ಈ ಬಗ್ಗೆ ಕ್ಷೇತ್ರದ ಶಾಸಕರು ಪ್ರಶ್ನೆ ಕೇಳಬೇಕೆಂದರೆ ಅಧಿವೇಶನಕ್ಕೆ ಮೊದಲೇ, ಸಾಮಾನ್ಯವಾಗಿ 15 ದಿನ ಮುಂಚಿತವಾಗಿ, ವಿಧಾನಸಭೆಯ ಸಚಿವಾಲಯಕ್ಕೆ ಸೂಚನೆ ಕೊಡಬೇಕು. ಬಾಯಿಮಾತಿನ ಉತ್ತರ ಬೇಕಿದ್ದರೆ ಚುಕ್ಕೆ ಗುರುತಿನ ಪ್ರಶ್ನೆ, ಬರಹದ ಉತ್ತರ ಸಾಕೆಂದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆ.

ಸಭಾಧ್ಯಕ್ಷರು ಅಂಗೀಕರಿಸಿದ ಮೇಲೆ ಪ್ರಶ್ನೆ ಇಲಾಖೆಗೆ ಹೋಗುತ್ತದೆ. ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ವಲಯ ಅರಣ್ಯ ಕಚೇರಿಗೆ ಇಳಿಯುತ್ತದೆ. ಆ ದಿನಗಳಲ್ಲಿ ಕಚೇರಿಗಳಲ್ಲಿ ‘ಎಲ್‌ಎ ಪ್ರಶ್ನೆ ಬಂದಿದೆ’ ಎಂಬ ಮಾತು ಕೇಳಿದವರಿಗೆ ಅದರ ಬಿಸಿ ಗೊತ್ತು. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಕಡತ ಒಂದೇ ದಿನದಲ್ಲಿ ಮೇಜಿಗೆ ಬರುತ್ತದೆ. ಎಷ್ಟು ಬೆಳೆ ನಷ್ಟ, ಎಷ್ಟು ಅರ್ಜಿ, ಎಷ್ಟು ಪರಿಹಾರ, ಎಷ್ಟು ಬಾಕಿ ಎಂಬ ಲೆಕ್ಕ ಮೇಲಕ್ಕೆ ಹೋಗುತ್ತದೆ.

ಸದನಕ್ಕೆ ಬರುವ ಉತ್ತರದ ಹಾಳೆಗೆ ಒಂದು ನಿಶ್ಚಿತ ರೂಪವಿದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಪಕ್ಕದಲ್ಲಿ ಅ, ಆ, ಇ, ಈ ಎಂಬ ಗುರುತು. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಎಡಕ್ಕಿದ್ದರೆ ಬಲಕ್ಕೆ ‘ಬಂದಿದೆ’ ಎಂದಿರುತ್ತದೆ. ‘ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಎಂಬಲ್ಲಿಂದ ನಿಜವಾದ ವಿಷಯ ಶುರು. ಉತ್ತರ ಓದಿದ ಮೇಲೆ ಶಾಸಕರು ಎದ್ದು ಉಪಪ್ರಶ್ನೆ ಕೇಳಬಹುದು. ತಮ್ಮ ತಾಲ್ಲೂಕಿನ ಅಂಕಿಅಂಶ ಕೈಯಲ್ಲಿದ್ದವರ ಉಪಪ್ರಶ್ನೆ ಮಂತ್ರಿಯನ್ನು ಕಟ್ಟಿಹಾಕುತ್ತದೆ, ಇಲ್ಲದವರದು ಗದ್ದಲದಲ್ಲಿ ಕರಗುತ್ತದೆ. ಆ ಅಂಕಿಅಂಶ ಒದಗಿಸಬೇಕಾದವರು ನಾವೇ.

ಪ್ರಶ್ನೋತ್ತರ ಮುಗಿದ ಮೇಲೆ ಶೂನ್ಯ ವೇಳೆ. ಅದಲ್ಲದೆ ನಿಯಮ 60ರ ನಿಲುವಳಿ ಸೂಚನೆ, ನಿಯಮ 69ರ ತುರ್ತು ಮಹತ್ವದ ಚರ್ಚೆ, ನಿಯಮ 73ರ ಗಮನ ಸೆಳೆಯುವ ಸೂಚನೆ, ನಿಯಮ 351ರ ಸೂಚನೆ, ಹೀಗೆ ಒಂದು ವಿಷಯವನ್ನು ಎತ್ತಲು ಹಲವು ಬಾಗಿಲುಗಳಿವೆ. ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂದು ಮಂತ್ರಿ ಹೇಳಿದರೆ ಅದು ಭರವಸೆ. ಅದು ಈಡೇರಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ನಾಗರಿಕರು ಶಾಸಕರೊಬ್ಬರ ಸಹಿಯೊಂದಿಗೆ ಸದನಕ್ಕೇ ಅರ್ಜಿ ಸಲ್ಲಿಸಬಹುದು, ಅದನ್ನು ಪರಿಶೀಲಿಸುವುದು ಅರ್ಜಿಗಳ ಸಮಿತಿ. ಖರ್ಚಾದ ಹಣದ ಬಗ್ಗೆ ಮಹಾಲೇಖಪಾಲರ ವರದಿಯನ್ನು ಜಾಲಾಡುವುದು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ, ಅದಕ್ಕೆ ವಿರೋಧ ಪಕ್ಷದವರು ಅಧ್ಯಕ್ಷರಾಗುವುದು ವಾಡಿಕೆ. ಟಿವಿಯಲ್ಲಿ ಕಾಣುವ ಸದನಕ್ಕಿಂತ ಈ ಸಮಿತಿಗಳ ಕೋಣೆಗಳಲ್ಲಿ ಹೆಚ್ಚು ಕೆಲಸ ನಡೆಯುತ್ತದೆ. ಅಲ್ಲಿ ಪಕ್ಷದ ಕೂಗು ಕಡಿಮೆ, ಅಧಿಕಾರಿಗಳು ದಾಖಲೆ ಹಿಡಿದು ಬಂದು ಉತ್ತರ ಕೊಡಬೇಕಾಗುತ್ತದೆ.

ಕಾನೂನು ಹೊಲಕ್ಕೆ ಇಳಿದಾಗ

ಶಾಸಕಾಂಗದ ಮೊದಲ ಕೆಲಸ ಕಾನೂನು. ಅದು ಹಳ್ಳಿಯ ಬಾಳನ್ನು ಬುಡಮಟ್ಟ ಬದಲಿಸಿದ ಉದಾಹರಣೆ ಭೂಸುಧಾರಣೆ. 1961ರ ಕಾಯಿದೆಗೆ ಡಿ. ದೇವರಾಜ ಅರಸರ ಕಾಲದಲ್ಲಿ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನಿಗೆ ಅಧಿಭೋಗದಾರಿಕೆ ಹಕ್ಕು ಕೊಡುವ ವ್ಯವಸ್ಥೆಯಾಯಿತು. ಇದಕ್ಕಾಗಿ ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಬಂದವು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಅಧಿಕಾರೇತರ ಸದಸ್ಯರು. ಗೇಣಿದಾರ ನಮೂನೆ 7ನ್ನು ಭರ್ತಿ ಮಾಡಿ ಕೊಡಬೇಕಿತ್ತು. ರಾಜ್ಯದಲ್ಲಿ ಹೀಗೆ ಬಂದ ಅರ್ಜಿಗಳು 8 ಲಕ್ಷಕ್ಕೂ ಹೆಚ್ಚು. ‘ಡಿಕ್ಲರೇಷನ್ ಹಾಕಿದ್ದೀಯಾ?’ ಎಂಬುದು ಆಗ ಹಳ್ಳಿಯ ಜಗಲಿಗಳಲ್ಲಿ ಕೇಳಿಬರುತ್ತಿದ್ದ ಮಾತು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ ಆ ಹಾಳೆಗಳ ಹಿಂದೆ ಸದನದಲ್ಲಿ ವರ್ಷಗಟ್ಟಲೆ ನಡೆದ ವಾದ ವಿವಾದವಿತ್ತು.

ವಿಧೇಯಕ ಮಂಡನೆಯಾಗಿ, ಪರ್ಯಾಲೋಚನೆಗೆ ಬಂದು, ಖಂಡ ಖಂಡವಾಗಿ ಚರ್ಚೆಯಾಗಿ, ಎರಡೂ ಸದನಗಳ ಒಪ್ಪಿಗೆ ಪಡೆದು, ರಾಜ್ಯಪಾಲರ ಅಂಕಿತ ಬಿದ್ದು ರಾಜ್ಯಪತ್ರದಲ್ಲಿ ಪ್ರಕಟವಾದಾಗ ಕಾನೂನಾಗುತ್ತದೆ. ಖಂಡವಾರು ಚರ್ಚೆ ಬಹಳ ಮುಖ್ಯವಾದ ಹಂತ. ಒಂದು ಪದ ಹೆಚ್ಚು ಕಡಿಮೆಯಾದರೆ ಒಂದು ಸಂಸಾರದ ಜಮೀನು ಕೈಬಿಡಬಹುದು. ಗದ್ದಲದ ನಡುವೆ ಚರ್ಚೆಯಿಲ್ಲದೆ ವಿಧೇಯಕಗಳು ಪಾಸಾಗುವುದನ್ನು ಯಾವ ಪಕ್ಷದ ಸರ್ಕಾರ ಮಾಡಿದರೂ ಅದು ತಪ್ಪೇ.

ರಾಜ್ಯದ ಸದನ ಎಲ್ಲವನ್ನೂ ಮಾಡಲಾರದು. ಬೇಲೂರಿಗೆ ರೈಲು ಬೇಕೆಂಬುದು ಹಳೆಯ ಬೇಡಿಕೆ, ಆದರೆ ರೈಲ್ವೆ ಕೇಂದ್ರದ ಪಟ್ಟಿಯಲ್ಲಿದೆ. ಅರಸೀಕೆರೆಯ ತೆಂಗು ಬೆಳೆಗಾರರ ಜೀವಾಳವಾದ ಕೊಬ್ಬರಿಯ ಬೆಂಬಲ ಬೆಲೆ ನಿಗದಿಯಾಗುವುದು ದೆಹಲಿಯಲ್ಲಿ. ಚೆನ್ನಕೇಶವ ದೇಗುಲದ ಕಟ್ಟಡ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ, ಪೂಜೆ ಉತ್ಸವಗಳು ರಾಜ್ಯದ ಮುಜರಾಯಿ ಇಲಾಖೆಯ ಹೊಣೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಬರುವ ಪ್ರವಾಸಿಗರಿಗೆ ರಸ್ತೆ, ನೀರು, ಶೌಚಾಲಯ, ಬಸ್ಸು ಒದಗಿಸುವುದು ಬಹುಪಾಲು ರಾಜ್ಯ ಮತ್ತು ಪುರಸಭೆಯ ಕೆಲಸ. ಯಾವುದನ್ನು ಎಲ್ಲಿ ಕೇಳಬೇಕೆಂದು ಗೊತ್ತಿರುವ ಊರಿನ ಕೆಲಸ ಬೇಗ ಆಗುತ್ತದೆ.

ಹಣ ಮತ್ತು ನೀರು

ಬಜೆಟ್ ಅಧಿವೇಶನ ಶಾಸಕಾಂಗದ ವರ್ಷದ ತಿರುಳು. ಸದನದ ಒಪ್ಪಿಗೆಯಿಲ್ಲದೆ ಸರ್ಕಾರ ಖಜಾನೆಯಿಂದ ಒಂದು ರೂಪಾಯಿ ತೆಗೆಯುವಂತಿಲ್ಲ. ಇಲಾಖೆವಾರು ಬೇಡಿಕೆಗಳಿಗೆ ಮತ ಪಡೆದು, ಧನವಿನಿಯೋಗ ವಿಧೇಯಕ ಅಂಗೀಕಾರವಾಗಬೇಕು.

ಹಳೇಬೀಡಿನ ಜನರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಯಗಚಿ ಜಲಾಶಯ ಬೇಲೂರಿನ ಪಕ್ಕದಲ್ಲೇ ಇದೆ, ಆದರೆ ಹಳೇಬೀಡು, ಮಾದಿಹಳ್ಳಿ, ಜಾವಗಲ್ ಕಡೆಯ ಬಯಲು ಸೀಮೆ ಬರದಲ್ಲಿ ಬೆಂದಿದೆ. ರಣಘಟ್ಟದ ಒಡ್ಡಿನಿಂದ ದ್ವಾರಸಮುದ್ರ ಕೆರೆಗೆ, ಅಲ್ಲಿಂದ ಮುಂದಿನ ಕೆರೆಗಳಿಗೆ ನೀರು ಹರಿಸಿ ಎಂದು ರೈತರು ವರ್ಷಗಟ್ಟಲೆ ಕೂಗಿದರು, ಧರಣಿ ಕೂತರು, ಪಾದಯಾತ್ರೆ ಮಾಡಿದರು. ಬೀದಿಯ ಕೂಗು ಸದನದ ಮಾತಾಗಿ, ಬಜೆಟ್‌ನ ಸಾಲಾಗಿ, ಸರ್ಕಾರದ ಆದೇಶವಾಗುವವರೆಗೆ ಎಷ್ಟು ಮೆಟ್ಟಿಲುಗಳಿವೆ ಎಂಬುದನ್ನು ಈ ಸೀಮೆ ರಣಘಟ್ಟದಲ್ಲಿ ಕಲಿತಿದೆ. ಬಜೆಟ್ ಭಾಷಣದಲ್ಲಿ ಹೆಸರು ಬಂದರೆ ಕೆಲಸ ಮುಗಿಯಿತೆಂದಲ್ಲ. ಆಡಳಿತಾತ್ಮಕ ಅನುಮೋದನೆ, ಟೆಂಡರ್, ಭೂಸ್ವಾಧೀನ ಇವೆಲ್ಲ ಆಮೇಲಿನವು. ಪ್ರತಿ ಮೆಟ್ಟಿಲಲ್ಲೂ ಸದನದಲ್ಲಿ ಕೇಳುವವರಿರಬೇಕು, ಕೇಳಿಸುವವರು ಊರಿನಲ್ಲಿರಬೇಕು.

ಬಹುಮತ ಎಲ್ಲಿ ಎಣಿಸಬೇಕು?

ನಮ್ಮ ಸದನದಿಂದ ಇಡೀ ದೇಶಕ್ಕೆ ಸಂದ ಒಂದು ಪಾಠವಿದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಿಧಾನಸಭೆಯಲ್ಲಿ ಬಲಾಬಲ ಪರೀಕ್ಷಿಸದೆಯೇ ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಅವರು ನ್ಯಾಯಾಲಯಕ್ಕೆ ಹೋದರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನಂತೆ ಸರ್ಕಾರಕ್ಕೆ ಬಹುಮತವಿದೆಯೇ ಎಂಬುದು ತೀರ್ಮಾನವಾಗಬೇಕಾದ ಜಾಗ ಸದನ. ರಾಜಭವನದಲ್ಲಿ ಪಟ್ಟಿ ಎಣಿಸುವ ಪದ್ಧತಿಗೆ ಅಂದಿನಿಂದ ಕಡಿವಾಣ ಬಿತ್ತು. ಇಂದು ಯಾವ ರಾಜ್ಯದಲ್ಲಿ ವಿಶ್ವಾಸಮತದ ಮಾತು ಬಂದರೂ ಬೊಮ್ಮಾಯಿ ಪ್ರಕರಣ ಎಂಬ ಹೆಸರು ಕೇಳಿಬರುತ್ತದೆ.

ಅದೇ ಸದನ ಪಕ್ಷಾಂತರದ ಹೊಡೆತವನ್ನೂ ತಿಂದಿದೆ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರ 99–105 ಮತಗಳಿಂದ ಬಿತ್ತು. ಸಭಾಧ್ಯಕ್ಷ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಅವರು ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಮತದಾರ ಕೊಟ್ಟ ಸ್ಥಾನವನ್ನು ಅವಧಿಯ ನಡುವೆ ಬಿಟ್ಟು ಅದೇ ಮತದಾರನ ಮುಂದೆ ಮತ್ತೆ ನಿಲ್ಲುವುದು ಕಾನೂನಿಗೆ ಸರಿ ಇರಬಹುದು. ಅದನ್ನು ಒಪ್ಪುವುದೋ ಬಿಡುವುದೋ ಎಂಬುದು ಮತದಾರನ ಕೈಯಲ್ಲಿದೆ.

ಕೊರತೆಗಳು

ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ಈ ಶಾಸಕಾಂಗವೇ ಕಾಯಿದೆ ಮಾಡಿಕೊಂಡಿತು. ಆ ಗುರಿ ಮುಟ್ಟದ ವರ್ಷಗಳೇ ಹೆಚ್ಚು. ದಿನಗಳು ಕಡಿಮೆಯಾದಷ್ಟೂ ಹಿಂದಿನ ಸಾಲಿನಲ್ಲಿ ಕೂರುವ ಶಾಸಕರಿಗೆ, ಅಂದರೆ ದೂರದ ತಾಲ್ಲೂಕುಗಳಿಗೆ, ಸಿಗುವ ಸಮಯ ಕಡಿಮೆ. ಕೆ.ಎಸ್. ನಾಗರತ್ನಮ್ಮನವರು 1972ರಲ್ಲೇ ಸಭಾಧ್ಯಕ್ಷರ ಪೀಠವನ್ನು ಅಲಂಕರಿಸಿದ ರಾಜ್ಯ ಇದು. ಆದರೂ 2023ರಲ್ಲಿ ಗೆದ್ದ ಹೆಣ್ಣುಮಕ್ಕಳು 224ರಲ್ಲಿ ಬರೀ 10. ಹಾಸನ ಜಿಲ್ಲೆಯ ಏಳರಲ್ಲಿ ಒಬ್ಬರೂ ಇಲ್ಲ. ಮೂರನೇ ಒಂದು ಭಾಗ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುವ ತಿದ್ದುಪಡಿ 2023ರಲ್ಲಿ ಆಗಿದೆ, ಅದು ಜಾರಿಯಾಗುವುದು ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ನಂತರ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಹಿಳೆಯರು ಅಧ್ಯಕ್ಷರಾಗಿ ಆಡಳಿತ ನಡೆಸಿ ತೋರಿಸಿದ್ದಾರೆ. ಪಕ್ಷಗಳು ಟಿಕೆಟ್ ಕೊಡಲು ಕಾನೂನಿಗಾಗಿ ಕಾಯಬೇಕಾಗಿಲ್ಲ.

ಈ ತಾಲ್ಲೂಕು ಮಾಡಬೇಕಾದ ಕೆಲಸ

ಹಾಸನ ಜಿಲ್ಲೆಯ ಶಿಲಾಶಾಸನಗಳನ್ನು ಬಿ.ಎಲ್. ರೈಸ್ ಅವರು ಓದಿಸಿ, 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಅದರಿಂದಾಗಿ ಹೊಯ್ಸಳರ ಕಾಲದಲ್ಲಿ ಯಾವ ಕೆರೆಗೆ ಯಾರು ದತ್ತಿ ಬಿಟ್ಟರೆಂದು ನಾವು ಇಂದು ಹೇಳಬಲ್ಲೆವು. ಪ್ರಜಾಪ್ರತಿನಿಧಿ ಸಭೆಯ ಕಾಲದಿಂದ ಇಂದಿನ ವಿಧಾನಸಭೆಯವರೆಗೆ ನಡವಳಿಕೆಗಳು ಕೂಡ ಅಚ್ಚಾಗಿವೆ, ಶಾಸಕಾಂಗದ ಗ್ರಂಥಾಲಯದಲ್ಲಿವೆ, ಬಹಳಷ್ಟು ಸಂಪುಟಗಳು ಗಣಕಕ್ಕೂ ಏರಿವೆ. ಅವುಗಳಲ್ಲಿ ಬೇಲೂರು, ಹಳೇಬೀಡು, ಅರಸೀಕೆರೆಯ ಹೆಸರು ಬಂದ ಪುಟಗಳನ್ನು ಹೆಕ್ಕಿ ಒಂದೆಡೆ ಸೇರಿಸಬೇಕು. ನಮ್ಮ ತಾಲ್ಲೂಕಿನ ಕಾಲೇಜುಗಳ ಇತಿಹಾಸ, ರಾಜ್ಯಶಾಸ್ತ್ರದ ಅಧ್ಯಾಪಕರೂ ವಿದ್ಯಾರ್ಥಿಗಳೂ ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಯಾರು ಏನು ಕೇಳಿದರು, ಸರ್ಕಾರ ಏನು ಹೇಳಿತು, ಎಷ್ಟು ನಡೆಯಿತು ಎಂಬ ಮೂರು ಅಂಕಣಗಳಿದ್ದರೆ ಸಾಕು.

ಆ ಪುಸ್ತಕ ತಾಲ್ಲೂಕಿನ ಪ್ರತಿ ಗ್ರಂಥಾಲಯದಲ್ಲಿರಲಿ. ಮುಂದಿನ ಚುನಾವಣೆಯಲ್ಲಿ ಮತ ಕೇಳಿ ಬರುವ ಪ್ರತಿಯೊಬ್ಬರ ಕೈಗೂ, ಅವರು ಯಾವ ಪಕ್ಷದವರೇ ಆಗಿರಲಿ, ಒಂದು ಪ್ರತಿ ಕೊಡೋಣ. ಗೆದ್ದವರಿಗೆ ಪ್ರತಿ ಅಧಿವೇಶನಕ್ಕೆ ಮೊದಲು ತಾಲ್ಲೂಕಿನ ಪ್ರಶ್ನೆಗಳನ್ನು ಅಂಕಿಅಂಶ ಸಮೇತ ಬರೆದು ತಲುಪಿಸೋಣ, ಅಧಿವೇಶನ ಮುಗಿದ ಮೇಲೆ ಉತ್ತರದ ಹಾಳೆ ಕೇಳಿ ಪಡೆಯೋಣ. 195ನೆಯ ಸ್ಥಾನ ಬೇಲೂರಿನ ಜನರದು, ಅದನ್ನು ದುಡಿಸಿಕೊಳ್ಳುವ ಹೊಣೆಯೂ ನಮ್ಮದೇ.